ಏಳನೇ ಮೇಜಿನ ಮೌನ ಕರೆ

ಕೇಳಿದ ತಕ್ಷಣ ಕೊಟ್ಟುಬಿಟ್ಟರೆ ಅದನ್ನು ಕಚೇರಿ ಅನ್ನುತ್ತಾರೆಯೇ? ಅಗ್ನಿಶಾಮಕ ಇಲಾಖೆಯ ಮಾಹಿತಿ ಅಧಿಕಾರಿಗೆ ಈ ವಿಷಯದಲ್ಲಿ ಎಳ್ಳಷ್ಟೂ ಗೊಂದಲವಿರಲಿಲ್ಲ. ಜನ ಅರ್ಜಿ ಹಾಕಿ ಮಾಹಿತಿ ಕೇಳಬಹುದು, ಮೂವತ್ತು ದಿನದೊಳಗೆ ಉತ್ತರ ಕೊಡಬೇಕು ಎಂದು ಕಾನೂನು ಹೇಳುತ್ತದೆ. ಅವನ ಲೆಕ್ಕದಲ್ಲಿ ಹಾಗೆಂದರೆ ಮೂವತ್ತನೆಯ ದಿನ, ಸಂಜೆ ನಾಲ್ಕೂವರೆ, ಅಂಚೆ ಚೀಲದ ಬಾಯಿ ಕಟ್ಟುವ ಹೊತ್ತು. ಹನ್ನೊಂದು ವರ್ಷದಲ್ಲಿ ಒಂದೇ ಒಂದು ಉತ್ತರ ಇಪ್ಪತ್ತೊಂಬತ್ತನೆಯ ದಿನ ಹೋದದ್ದಿಲ್ಲ, ಮೂವತ್ತೊಂದಕ್ಕೆ ಜಾರಿದ್ದೂ ಇಲ್ಲ. ಅದಕ್ಕೇ ಕಚೇರಿಯವರು ಅವನಿಗೆ ಗಡುವಪ್ಪ ಎಂದು ಹೆಸರಿಟ್ಟಿದ್ದರು. ಎದುರಿಗೆ ಸಾರ್, ಬೆನ್ನ ಹಿಂದೆ ಗಡುವಪ್ಪ. ಅದು ಅವನಿಗೂ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು.

ಕೆಟ್ಟವನೇನಲ್ಲ ಬಿಡಿ. ಲಂಚಕ್ಕೆ ಕೈಯೊಡ್ಡಿದವನಲ್ಲ, ಸುಳ್ಳು ಬರೆದವನಲ್ಲ. ಅವನ ಉತ್ತರಗಳನ್ನು ಜರಡಿ ಹಿಡಿದರೂ ಒಂದು ಸುಳ್ಳು ಸಿಗುತ್ತಿರಲಿಲ್ಲ. ನಿಜವೂ ಸಿಗುತ್ತಿರಲಿಲ್ಲ, ಆ ಮಾತು ಬೇರೆ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವನನ್ನು ಮೀರಿಸುವವರು ಇಲಾಖೆಯಲ್ಲೇ ಇರಲಿಲ್ಲ.

ಅವನ ಕೋಣೆ ಮೂರನೆಯ ಮಹಡಿಯಲ್ಲಿ. ಕೆಳಮಹಡಿಯಲ್ಲಿ ನಿಯಂತ್ರಣ ಕೊಠಡಿ. ಊರಲ್ಲಿ ಎಲ್ಲೇ ಬೆಂಕಿ ಬಿದ್ದರೂ ಮೊದಲು ಫೋನ್ ಬರುವುದು ಅಲ್ಲಿಗೆ. ಎಂಟು ಮೇಜು, ಎಂಟು ಫೋನು. ಏಳನೆಯ ಮೇಜಿನಲ್ಲಿ ಕೂರುವವಳು ಅವನ ತಂಗಿ. ಅಮ್ಮ ತೀರಿಕೊಂಡಾಗ ಅವಳಿಗೆ ಒಂಬತ್ತು ವರ್ಷ. ಜಡೆ ಹಾಕುವುದನ್ನು ಕಲಿತು, ಸೊಟ್ಟಸೊಟ್ಟ ಹೆಣೆದು ಶಾಲೆಗೆ ಕಳಿಸಿದವನು ಇವನು. ಗಂಡ ಬಿಟ್ಟುಹೋದ ಮೇಲೆ ಅವಳಿಗೆ ಉಳಿದದ್ದು ಒಬ್ಬಳು ಮಗಳು ಮತ್ತು ಈ ಕೆಲಸ. ದಿನಾ ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಗಡುವಪ್ಪ ಎರಡು ಲೋಟ ಟೀ ಹಿಡಿದು ಕೆಳಗಿಳಿಯುತ್ತಿದ್ದ. ತಂಗಿಯ ಮೇಜಿಗೆ ಒರಗಿ ಹತ್ತು ನಿಮಿಷ ಹರಟುತ್ತಿದ್ದ. ಅದನ್ನೂ ಗಡುವಿನಂತೆಯೇ ಪಾಲಿಸುತ್ತಿದ್ದ.

ಆ ಕೊಠಡಿಗೆ ದಿನಕ್ಕೆ ನಲವತ್ತು ಐವತ್ತು ಮೌನ ಕರೆಗಳು ಬರುತ್ತವೆ. ಕುಡುಕರು, ತಲೆಹರಟೆಗಳು, ಜೇಬಿನಲ್ಲಿ ತಾನಾಗಿ ಒತ್ತಿಹೋದ ಫೋನುಗಳು. ಗೋಡೆಯ ಮೇಲೊಂದು ಬೋರ್ಡಿದೆ: "ಮೌನ ಕರೆ ಬಂದರೆ, 'ಮಾತಾಡಲಾಗದಿದ್ದರೆ ಒಂದು ಸಲ ತಟ್ಟಿ' ಎಂದು ಹೇಳಿ. ಒಂದು ನಿಮಿಷ ಕಾಯಿರಿ." ಯಾರು ಕಾಯುತ್ತಾರೆ? ಎರಡು ಸಲ ಹಲೋ ಅಂದು, ಇಟ್ಟು, 'ಮೌನ' ಎಂದು ಗುರುತು ಹಾಕುವುದು ವಾಡಿಕೆ. ಆದರೆ ತಂಗಿಗೆ ಹೋದ ವರ್ಷದಿಂದ ಒಂದು ಹುಚ್ಚು ಹಿಡಿದಿತ್ತು. ಪ್ರತಿ ಮೌನ ಕರೆಗೂ ತಟ್ಟಿ ತಟ್ಟಿ ಎಂದು ಬೇಡಿಕೊಳ್ಳುತ್ತ ಕೂರುತ್ತಿದ್ದಳು. ಜೊತೆಯವರು ಅವಳಿಗೆ ತಟ್ಟಮ್ಮ ಎಂದು ಹೆಸರಿಟ್ಟರು. ಅಣ್ಣ ಟೀ ಹಿಡಿದು ನಿಂತಾಗಲೇ ದಿನಾ ಅಂಥದ್ದೊಂದು ಕರೆ ಬಂದು ವಕ್ಕರಿಸುತ್ತಿತ್ತು.

"ಎಲ್ಲಿಂದ ಬಂತೇ ನಿನಗೆ ಈ ಶ್ರದ್ಧೆ?" ಎಂದು ಅವನು ಚುಡಾಯಿಸಿದರೆ ಅವಳು ಟೀ ಲೋಟದೊಳಗೆ ನೋಡುತ್ತಿದ್ದಳು.

ಹೀಗಿರುವಾಗ ಆ ಅರ್ಜಿ ಬಂತು. ಗಡಿಯಾರ ರಿಪೇರಿಯವನೊಬ್ಬ ವರ್ಷದ ಹಿಂದೆ ತನ್ನ ಅಂಗಡಿಯೊಳಗೇ ಹೊಗೆಗೆ ಸಿಕ್ಕಿ ಸತ್ತಿದ್ದ. ಅಕ್ಕಪಕ್ಕದವರು ನೋಡಿ ಫೋನ್ ಮಾಡಿ ಬೆಂಕಿ ಆರಿಸುವ ಬಂಡಿ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅದಕ್ಕೂ ಮೊದಲು ಅಂಗಡಿಯಿಂದ ಯಾವ ಕರೆಯೂ ಬಂದಿರಲಿಲ್ಲ ಎಂದು ವಿಚಾರಣೆಯ ವರದಿ ಹೇಳಿತ್ತು. ಅವನ ಹೆಂಡತಿ ಕೇಳಿದ್ದು ಇಷ್ಟೇ: ಆ ದಿನ ನಮ್ಮ ಅಂಗಡಿಯ ನಂಬರಿನಿಂದ ನಿಮಗೆ ಕರೆ ಬಂದಿತ್ತೇ? ಬಂದಿದ್ದರೆ ಅದರ ಪ್ರತಿ ಕೊಡಿ.

ಗಡುವಪ್ಪ ದಾಖಲೆ ತೆಗೆಸಿದ. ಬಂದಿತ್ತು. ಹನ್ನೊಂದು ಇಪ್ಪತ್ತಕ್ಕೆ, ಏಳನೇ ಮೇಜು, ಮೌನ. ಹತ್ತು ಸೆಕೆಂಡು ಕೇಳಿದ. ತಂಗಿ ಎರಡನೆಯ ಸಲ ಹಲೋ ಅಂದದ್ದು ಕಿವಿಗೆ ಬಿದ್ದದ್ದೇ ತಡ, ಕೈ ತಾನಾಗಿ ಹೋಗಿ ಆರಿಸಿತು. ಅರ್ಜಿ ತನ್ನ ಸಂಬಂಧಿಕರಿಗೆ ತಗುಲಿದ್ದಾದರೆ ಅದನ್ನು ಇನ್ನೊಬ್ಬ ಅಧಿಕಾರಿಗೆ ದಾಟಿಸಬೇಕು ಎಂದು ನಿಯಮವಿದೆ. ಊರಿಗೆಲ್ಲ ನಿಯಮ ಹೇಳುವವನು ಇದೊಂದನ್ನು ಮಾತ್ರ ಗಾಳಿಗೆ ತೂರಿದ. ಮೂವತ್ತನೆಯ ದಿನ ಬರೆದ: "ತಾವು ತಿಳಿಸಿದ ಸಂಖ್ಯೆಯಿಂದ ಆ ದಿನ ಯಾವುದೇ ಸಂಭಾಷಣೆ ದಾಖಲಾಗಿರುವುದಿಲ್ಲ." ಸುಳ್ಳಲ್ಲವಲ್ಲ!

ವಾರದೊಳಗೆ ಎರಡನೆಯ ಅರ್ಜಿ ಬಂತು. ಗೆರೆ ಹಾಕಿದ ಹಾಳೆ, ದುಂಡು ಅಕ್ಷರ.

"ಸ್ವಾಮಿ, ನಾನು ಸಂಭಾಷಣೆ ಕೇಳಲಿಲ್ಲ. ಗಂಟಲಿನ ಆಪರೇಷನ್ ಆಗಿ ಆರು ವರ್ಷದಿಂದ ನನ್ನ ಯಜಮಾನರಿಗೆ ದನಿಯೇ ಇರಲಿಲ್ಲ. ಫೋನಿನಲ್ಲಿ ಅವರು ತಟ್ಟುತ್ತಿದ್ದರು. ಆ ತಟ್ಟಿದ ಸದ್ದು ನಿಮ್ಮಲ್ಲಿದ್ದರೆ ಅದನ್ನು ಕೊಡಿ. ಏನಾದರೂ ಆದರೆ ಈ ನಂಬರಿಗೆ ಮಾಡಿ ತಟ್ಟಿ, ಬರುತ್ತಾರೆ ಎಂದು ಅವರಿಗೆ ಹೇಳಿಕೊಟ್ಟವಳು ನಾನು. ಅವರು ತಟ್ಟಿದರೋ ಇಲ್ಲವೋ ನನಗೆ ಗೊತ್ತಾಗಬೇಕು."

ಗಡುವಪ್ಪ ಅರ್ಜಿಯನ್ನು ಎರಡು ಸಲ ಓದಿದ. ಕೊಟ್ಟರೆ ತಂಗಿಯ ಕೆಲಸ ಹೋಗುತ್ತದೆ. ಬೋರ್ಡಿನ ಮೇಲೆ ಬರೆದದ್ದನ್ನು ಮಾಡದೆ ಒಬ್ಬ ಸಾಯುವಂತೆ ಮಾಡಿದಳು ಎಂದು ಪೇಪರಿನಲ್ಲಿ ಅವಳ ಫೋಟೋ ಬರುತ್ತದೆ. ಕೊಡದಿದ್ದರೆ? ಅವನು ಕ್ಯಾಲೆಂಡರ್ ತೆಗೆದು ಎಣಿಸಿದ. ಮಾತಿರುವ ಕರೆಗಳನ್ನು ಹತ್ತು ವರ್ಷ ಇಡುತ್ತಾರೆ. ಮೌನ ಕರೆಗಳನ್ನು ಹದಿನೈದು ತಿಂಗಳಿಗೆ ಯಂತ್ರವೇ ಅಳಿಸಿಹಾಕುತ್ತದೆ. ಈ ಕರೆ ಅಳಿಯುವುದು ಅರ್ಜಿ ಬಂದ ಇಪ್ಪತ್ತೆಂಟನೆಯ ದಿನ, ಕಚೇರಿ ಮುಚ್ಚುವ ಹೊತ್ತಿಗೆ. ಅವನು ಏನೂ ಮಾಡಬೇಕಿರಲಿಲ್ಲ. ಹನ್ನೊಂದು ವರ್ಷದಿಂದ ಮಾಡಿದ್ದನ್ನೇ ಮಾಡಿದರೆ ಸಾಕು: ಮೂವತ್ತನೆಯ ದಿನದವರೆಗೆ ಕಾಯುವುದು. ಆಮೇಲೆ "ದಾಖಲೆ ಲಭ್ಯವಿಲ್ಲ" ಎಂದು ಎದೆ ತಟ್ಟಿಕೊಂಡು ಬರೆಯಬಹುದು. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ.

ಅಂದಿನಿಂದ ಅವನು ಟೀಗೆ ಕೆಳಗೆ ಹೋಗುವುದನ್ನು ಬಿಟ್ಟ. ತಂಗಿಯ ಮುಖ ನೋಡುವುದು ಅವನಿಂದ ಆಗಲಿಲ್ಲ. ಕೆಲಸ ಜಾಸ್ತಿ ಎಂದು ಹೇಳಿ ಕಳಿಸಿದ.

ಮರುದಿನ ಹನ್ನೊಂದು ಇಪ್ಪತ್ತಕ್ಕೆ ಅವನ ಮೇಜಿನ ಫೋನ್ ಬಡಿದುಕೊಂಡಿತು.

"ಹಲೋ, ಮಾಹಿತಿ ವಿಭಾಗ."

ಉತ್ತರವಿಲ್ಲ. ಉಸಿರಿನ ಸದ್ದೂ ಇಲ್ಲ. ಆಮೇಲೆ, ಲೋಹವನ್ನು ಯಾವುದಕ್ಕೋ ತಾಗಿಸುವಂಥ ಸಣ್ಣ ಸದ್ದು. ಟಕ್ ಟಕ್ ಟಕ್. ಸ್ವಲ್ಪ ಬಿಡುವು. ಮತ್ತೆ ಟಕ್ ಟಕ್ ಟಕ್.

ಅವನಿಗೆ ಉರಿದುಹೋಯಿತು. "ಯಾರಮ್ಮಾ ಅದು? ಅರ್ಜಿ ಕೊಟ್ಟಾಯ್ತಲ್ಲ, ಉತ್ತರ ಬರುತ್ತೆ. ಹೀಗೆಲ್ಲ ಕಾಟ ಕೊಟ್ರೆ ಪೊಲೀಸ್ರಿಗೆ ಹೇಳ್ಬೇಕಾಗುತ್ತೆ, ಗೊತ್ತಾಯ್ತಾ?"

ಟಕ್ ಟಕ್ ಟಕ್. ಫೋನ್ ಕುಕ್ಕಿದ. ಮರುದಿನ ಅದೇ ಹೊತ್ತಿಗೆ ಮತ್ತೆ ಬಂತು. ಅದರ ಮರುದಿನವೂ ಬಂತು. ಭಾನುವಾರ ಕಚೇರಿಯಿಲ್ಲ, ಅವನು ಮನೆಯಲ್ಲಿ ಕೂತು ಗಡಿಯಾರ ನೋಡುತ್ತಲೇ ಇದ್ದ. ಹನ್ನೊಂದು ಇಪ್ಪತ್ತಕ್ಕೆ ಮನೆಯ ಫೋನ್ ಬಡಿದುಕೊಂಡಿತು. ಹೆಂಡತಿ ಎತ್ತಿ, "ಏನೋ ಕಟಕಟ ಅಂತಿದೆ, ಲೈನ್ ಕೆಟ್ಟಿರ್ಬೇಕು" ಎಂದು ಇಟ್ಟಳು.

ಹದಿನಾಲ್ಕನೆಯ ದಿನ ಅವನಿಗೆ ಬುದ್ಧಿ ಬಂದು ಫೋನಿನ ಪುಟ್ಟ ಪರದೆಯಲ್ಲಿ ಮೂಡಿದ ನಂಬರನ್ನು ಬರೆದುಕೊಂಡ. ಅರ್ಜಿ ತೆಗೆದು ಪಕ್ಕದಲ್ಲಿಟ್ಟು ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟು ನೋಡಿದ. ಅಂಗಡಿಯ ನಂಬರೇ. ಸರಿ ಹೋಯಿತು, ಆ ಹೆಂಗಸಿನ ಆಟವೇ ಇದು, ಹೋಗಿ ಕಣ್ಣಾರೆ ನೋಡಿ ಬರುತ್ತೇನೆ ಎಂದು ಊಟದ ಬಿಡುವಿನಲ್ಲಿ ಹೊರಟೇಬಿಟ್ಟ.

ಅಂಗಡಿಯಿದ್ದದ್ದು ಮನೆಗಳ ಸಾಲಿನ ನಡುವಿನ ಓಣಿಯಲ್ಲಿ. ಒಂದು ಕಡೆ ಬೀಗ ರಿಪೇರಿ, ಇನ್ನೊಂದು ಕಡೆ ಕನ್ನಡಕದ ಅಂಗಡಿ. ನಡುವೆ ಸೊಟ್ಟಗಾದ ಷಟರು, ಗೋಡೆಯುದ್ದಕ್ಕೂ ಮಸಿ. ಷಟರಿನ ಮೇಲ್ಗಡೆ ಫೋನಿನ ತಂತಿ ಗೇಣುದ್ದ ಜೋತಾಡುತ್ತಿತ್ತು; ತುದಿಯನ್ನು ಕತ್ತರಿಸಿ ಕಪ್ಪು ಟೇಪು ಸುತ್ತಿದ್ದರು. ಅದರ ಕೆಳಗೇ ಸ್ಟೂಲು ಹಾಕಿಕೊಂಡು ಒಬ್ಬ ಹೆಂಗಸು ಕೂತಿದ್ದಳು. ಐವತ್ತೈದರ ಸುಮಾರು. ತೊಡೆಯ ಮೇಲೆ ತಗಡಿನ ಡಬ್ಬಿ, ಅದರ ತುಂಬ ವಾಚುಗಳು. ಒಂದೊಂದನ್ನೇ ತೆಗೆದು ಕೀಲಿ ಕೊಟ್ಟು, ಕಿವಿಗೆ ಹಿಡಿದು, ವಾಪಸ್ ಇಡುತ್ತಿದ್ದಳು.

"ವಾಚ್ ಕೊಟ್ಟಿದ್ರಾ?" ಅಂದಳು ಇವನನ್ನು ಕಂಡು. "ಚೀಟಿ ಇಲ್ದಿದ್ರೂ ಪರವಾಗಿಲ್ಲ, ಗುರುತು ಹೇಳಿ ಸಾಕು. ಇನ್ನೂ ಹತ್ತೊಂಬತ್ತು ಉಳಿದಿವೆ. ಅವರವರ ವಸ್ತು ಅವರವರಿಗೆ ಸೇರ್ಬೇಕಲ್ವಾ?"

"ಇಲ್ಲ, ನಾನು... ಹೀಗೇ ಬಂದೆ. ಅಂಗಡಿಗೆ ಫೋನ್ ಮಾಡ್ದೆ, ಯಾರೂ ಎತ್ಲಿಲ್ಲ."

"ಎತ್ತೋಕೆ ಫೋನ್ ಎಲ್ಲಿದೆ? ಬೆಂಕಿ ಬಿದ್ದ ವಾರಕ್ಕೇ ತಂತಿ ಕತ್ತರಿಸ್ಕೊಂಡು ಹೋದ್ರು. ನೋಡಿ, ನೇತಾಡ್ತಿದೆ." ಅವಳು ಮತ್ತೊಂದು ವಾಚು ತೆಗೆದಳು. "ಧೂಳು ಅಂದ್ರೆ ಆಗ್ತಿರ್ಲಿಲ್ಲ ನಮ್ಮ ಯಜಮಾನ್ರಿಗೆ. ಷಟರ್ ಇಳಿಸ್ಕೊಂಡೇ ಕೆಲಸ ಮಾಡೋರು. ಕರೆಂಟ್ ಷಟರು, ವೈರ್ ಸುಟ್ಟ ಮೇಲೆ ಮೇಲೇಳ್ಲೇ ಇಲ್ಲ. ಕೂಗೋಣ ಅಂದ್ರೆ ದನಿಯಿಲ್ಲ."

ಗಡುವಪ್ಪ ನೇತಾಡುವ ತಂತಿ ನೋಡುತ್ತ ಕೇಳಿದ. "ಮತ್ತೆ... ನಿಮ್ಮ ಹತ್ರ ಹೇಗೆ ಮಾತಾಡೋರು, ಫೋನಲ್ಲಿ?"

"ತಟ್ಟೋರು. ಒಂದು ಅಂದ್ರೆ ಹೂಂ. ಎರಡು ಅಂದ್ರೆ ಊಹೂಂ. ಮೂರು ಅಂದ್ರೆ ಬೇಗ ಬಾ. ಚಿಮಟ ಯಾವಾಗ್ಲೂ ಕೈಯಲ್ಲೇ ಇರ್ತಿತ್ತಲ್ಲ, ಅದ್ರಲ್ಲೇ. ತಮಾಷೆಗೂ ಮೂರು ತಟ್ಟಿದೋರಲ್ಲ." ಕೈಯಲ್ಲಿದ್ದ ವಾಚನ್ನು ಡಬ್ಬಿಗೆ ಇಟ್ಟು ಹೇಳಿದಳು, "ಆವತ್ತು ನಾನು ಊರಲ್ಲಿರ್ಲಿಲ್ಲ."

ಅವನು ಏನೋ ಗೊಣಗಿ ಅಲ್ಲಿಂದ ಕಾಲುಕಿತ್ತ. 

ಮರುದಿನ ಫೋನ್ ಬಂದಾಗ ಅವನು ಬಾಗಿಲಿಗೆ ಚಿಲಕ ಹಾಕಿ ಬಂದು ಎತ್ತಿದ. ಟಕ್ ಟಕ್ ಟಕ್. ಹಗಲು ಹೊತ್ತು. ಕಿಟಕಿಯಲ್ಲಿ ಬಿಸಿಲಿತ್ತು, ಹೊರಗೆ ಯಾರೋ ಬಂಡಿ ತೊಳೆಯುತ್ತಿದ್ದರು. ಆದರೂ ಅವನ ಮೈಯೆಲ್ಲ ಜುಮ್ಮೆಂದಿತು. 

"ಹೌದಾದ್ರೆ... ಹೌದಾದ್ರೆ ಒಂದು ಸಲ ತಟ್ಟಿ," ಅಂದ. "ನೀವು ಗಡಿಯಾರದೋರಾ?"

ತಟ್ಟುವುದು ನಿಂತಿತು. ಆಮೇಲೆ ಒಂದೇ ಒಂದು ಸಲ. ಟಕ್.

ಫೋನನ್ನು ಹಾಗೇ ಮೇಜಿನ ಮೇಲೆ ಬಿಟ್ಟು ಅವನು ಮೆಟ್ಟಿಲಿಳಿದು ಧ್ವನಿಮುದ್ರಣದ ಕೋಣೆಗೆ ಓಡಿದ. ಅಲ್ಲಿಯ ತಂತ್ರಜ್ಞನಿಗೆ ಟೇಪಣ್ಣ ಎಂದು ಹೆಸರು. ಟೇಪು ಹೋಗಿ ಇಪ್ಪತ್ತು ವರ್ಷವಾಗಿದ್ದರೂ ಹೆಸರು ಹೋಗಿರಲಿಲ್ಲ. ಆ ಕರೆಯ ದಾಖಲೆ ತೆಗೆ ಎಂದ ಕೂಡಲೇ ಟೇಪಣ್ಣನ ಮುಖ ಸಪ್ಪಗಾಯಿತು.

"ಇದೊಂದು ಪೀಡೆ ಸಾರ್. ನೋಡಿ ಇಲ್ಲಿ. ಶುರು ಆಗಿದ್ದು ಬರ್ದಿದೆ. ಮುಗಿದಿದ್ದು ಖಾಲಿ."

ಖಾಲಿಯೇ ಇತ್ತು. ಪಕ್ಕದಲ್ಲಿ ಕರೆಯ ಉದ್ದ: ಹದಿನಾಲ್ಕು ತಿಂಗಳು, ಹದಿನೆಂಟು ದಿನ, ಎಂಟು ನಿಮಿಷ. ಸೆಕೆಂಡಿನ ಅಂಕಿ ಅವನ ಕಣ್ಣೆದುರೇ ಬದಲಾಗುತ್ತಿತ್ತು.

"ಏನಯ್ಯ ಇದು, ಇನ್ನೂ ಓಡ್ತಾ ಇದೆ?"

"ಓಡ್ತಾನೇ ಇದೆ. ನಮ್ಮೋರು ಇಟ್ರೂ ಮಿಷಿನ್ ನಿಲ್ಲಲ್ಲ ಸಾರ್. ಕರೆ ಮಾಡ್ದೋರು ಇಡೋ ತನಕ ಕೇಳಿಸ್ಕೊಳ್ತಾ ಇರುತ್ತೆ. ಹಂಗೇ ಮಾಡಿರೋದು ಅದನ್ನ."

"ಆ ಲೈನೇ ಇಲ್ವಲ್ಲೋ!"

"ನಾನೂ ಅದೇ ಕೇಳ್ದೆ. ಕಂಪನಿಯೋರು ಮಿಷಿನ್ನಿಂದೇ ತಪ್ಪು, ಅಳಿಸೋ ದಿನ ಬಂದಾಗ ತಾನಾಗೇ ಹೋಗುತ್ತೆ ಬಿಡು ಅಂದ್ರು." ಟೇಪಣ್ಣ ಅವನ ಮುಖವನ್ನೇ ನೋಡಿದ. "ನೀವು ಹೋದ ತಿಂಗಳು ಹತ್ತು ಸೆಕೆಂಡು ಕೇಳಿ ಎದ್ದುಬಿಟ್ರಿ. ನಾನು ಸಣ್ಣೋನು, ಹೇಳ್ಬಾರ್ದು. ಒಂದ್ ಸಲ ನಲವತ್ತು ಸೆಕೆಂಡು ಕೇಳ್ಬಿಡಿ ಸಾರ್."

"ಅದರಲ್ಲೇನಿದೆ?"

"ಕೇಳ್ಬಿಡಿ," ಅಂದ ಟೇಪಣ್ಣ, ಅಷ್ಟೇ.

ಕೇಳಲಿಲ್ಲ. ಕೇಳಿದರೆ ಕೊಡಬೇಕಾಗುತ್ತದೆ ಎಂಬ ಹೆದರಿಕೆ. ಕೇಳದವನಿಗೆ ಗೊತ್ತಿಲ್ಲ, ಗೊತ್ತಿಲ್ಲದವನು ಮುಚ್ಚಿಟ್ಟಂತಾಗುವುದಿಲ್ಲ. ಇಂಥ ಲೆಕ್ಕಾಚಾರಕ್ಕೆ ಅವನ ತಲೆ ಆ ಸ್ಥಿತಿಯಲ್ಲೂ ಚೆನ್ನಾಗಿಯೇ ಓಡುತ್ತಿತ್ತು. ದಿನಾ ಹನ್ನೊಂದು ಇಪ್ಪತ್ತಕ್ಕೆ ಫೋನ್ ಬರುತ್ತಿತ್ತು, ಅವನು ಎತ್ತಿ ಕಿವಿಗೆ ಹಿಡಿದು ಒಂದು ಮಾತೂ ಆಡದೆ ಕೂರುತ್ತಿದ್ದ. ಊಟ ಸೇರುತ್ತಿರಲಿಲ್ಲ. ನಲ್ಲಿ ತೊಟ್ಟಿಕ್ಕಿದರೆ ಬೆಚ್ಚುತ್ತಿದ್ದ. ಹೆಂಡತಿ ಬಟ್ಟಲಿಗೆ ಚಮಚ ತಾಗಿಸಿದರೆ ಸಿಡುಕುತ್ತಿದ್ದ. "ನಿಮಗೇನ್ ಬಂದಿದೆ ರೋಗ?" ಎಂದು ಅವಳು ರೇಗಿದಾಗ, "ಇನ್ನು ಮೂರು ದಿನ, ಎಲ್ಲ ಸರಿ ಹೋಗುತ್ತೆ" ಅಂದ.

ಇಪ್ಪತ್ತೇಳನೆಯ ದಿನ ಫೋನ್ ಬಂದಾಗ ತಟ್ಟುವ ಸದ್ದು ನಿಧಾನವಾಗಿತ್ತು. ಕೀಲಿ ಇಳಿಯುತ್ತಿರುವ ಗಡಿಯಾರದ ಹಾಗೆ, ಒಂದಕ್ಕೂ ಇನ್ನೊಂದಕ್ಕೂ ನಡುವೆ ಉದ್ದದ ಬಿಡುವು. ಇನ್ನೊಂದು ದಿನ ಕಳೆದರೆ ನಿಂತೇಹೋಗುತ್ತದೆ ಎಂದು ಅವನಿಗೆ ತಿಳಿಯಿತು. ಅದೇ ತಾನೆ ಅವನಿಗೂ ಬೇಕಿದ್ದದ್ದು? ಆದರೆ ಈ ಮನುಷ್ಯ ಎರಡನೆಯ ಸಲ ಸಾಯುತ್ತಿದ್ದಾನೆ, ನಾನು ಕೂತು ನೋಡುತ್ತಿದ್ದೇನೆ ಅನ್ನಿಸಿತು. ಎದ್ದು ಟೇಪಣ್ಣನ ಕೋಣೆಗೆ ಹೋದ. "ಹಾಕಯ್ಯ," ಅಂದ. ಹೆಡ್‌ಫೋನ್ ಕಿವಿಗೇರಿಸಿದ.

"ಹಲೋ, ಅಗ್ನಿಶಾಮಕ ಸೇವೆ, ಹೇಳಿ." ತಂಗಿಯ ದನಿ. ಟಕ್ ಟಕ್ ಟಕ್. "ಹಲೋ? ಮಾತಾಡಿ, ಯಾರು?" ಟಕ್ ಟಕ್ ಟಕ್. ಇಲ್ಲಿಯವರೆಗೆ ಅವನು ಹಿಂದೆ ಕೇಳಿದ್ದ. ಆಮೇಲೆ ತಂಗಿ ಬಾಯಿ ಸ್ವಲ್ಪ ಪಕ್ಕಕ್ಕೆ ತಿರುಗಿಸಿ ಯಾರಿಗೋ ಹೇಳಿದಳು: "ಒಂದ್ನಿಮಿಷ ತಾಳೋ. ಏನೋ ತಟ್ಟೋ ಸದ್ದು ಬರ್ತಿದೆ. ಬೋರ್ಡಲ್ಲಿ ಬರ್ದಿರೋ ಹಾಗೆ ಕೇಳ್ಲಾ?"

ಒಬ್ಬ ಗಂಡಸು ನಕ್ಕ. "ಅಯ್ಯೋ, ಇಡೇ ಪುಟ್ಟಿ! ಯಾವನೋ ಕೆಲಸಕ್ಕೆ ಬಾರದೋನು. ಬಾಯಿ ಬಿದ್ದೋಗಿದ್ಯೇನೋ ಅವನಿಗೆ! ಟೀ ಆರೋಗ್ತಿದೆ, ಇಡು."

ಪ್ರಪಂಚದಲ್ಲಿ ಅವಳನ್ನು ಪುಟ್ಟಿ ಎಂದು ಕರೆಯುವವನು ಒಬ್ಬನೇ.

ಆ ದಿನ ಅವನಿಗೆ ನೆನಪೇ ಇರಲಿಲ್ಲ. ಅದು ಉಳಿದೆಲ್ಲ ದಿನಗಳಂಥದ್ದೇ ಒಂದು ದಿನ, ಟೀ ಬಿಸಿಯಾಗಿತ್ತು, ತಮಾಷೆಗೆ ಒಂದು ಮಾತು ಅಂದಿದ್ದ. ಹೆಡ್‌ಫೋನಿನಲ್ಲಿ ತಂಗಿ ಫೋನ್ ಇಟ್ಟ ಸದ್ದು ಬಂತು. ಅದರಾಚೆಗೆ ಮತ್ತೆ ಟಕ್ ಟಕ್ ಟಕ್, ಟಕ್ ಟಕ್ ಟಕ್, ಬೇಗ ಬಾ, ಬೇಗ ಬಾ. ಗಡುವಪ್ಪ ನಲವತ್ತು ನಿಮಿಷ ಕೂತು ಕೇಳಿದ. ಟೇಪಣ್ಣ ಒಂದು ಲೋಟ ನೀರು ತಂದಿಟ್ಟು ಹೊರಗೆ ಹೋಗಿ ನಿಂತ.

ತಂಗಿಯ ಪಾಳಿ ಮುಗಿಯುವ ಹೊತ್ತಿಗೆ ಅವನು ಕೆಳಗೆ ಮೆಟ್ಟಿಲ ಬಳಿ ನಿಂತಿದ್ದ. ಅವನ ಮುಖ ನೋಡಿಯೇ ಅವಳಿಗೆ ಅರ್ಥವಾಯಿತು.

"ಕೇಳ್ದೆಯಾ?" ಅಂದಳು.

"ನಿಂಗೆ ಯಾವಾಗಿಂದ ಗೊತ್ತು?"

"ಮಾರನೇ ದಿನ ಪೇಪರಲ್ಲಿ, ಮಾತು ಬಾರದ ಗಡಿಯಾರದೋನು ಅಂತ ಬಂತಲ್ಲ, ಆವಾಗ್ಲೇ."

"ಯಾಕೆ ಬಾಯಿಗೆ ಬೀಗ ಹಾಕ್ಕೊಂಡಿದ್ದೆ?"

"ಏನಂತ ಹೇಳ್ಲಿ? ನಮ್ಮಣ್ಣ ಇಡು ಅಂದ, ಅದಕ್ಕೇ ಇಟ್ಟೆ ಅಂತಲಾ? ಇಟ್ಟಿದ್ದು ನನ್ನ ಕೈ ತಾನೆ." ಅವಳ ಕಣ್ಣು ತುಂಬಿತ್ತು. "ಸಾಕಿದೋನು ನೀನು. ನಿಂಗೆ ಗೊತ್ತಾಗದೇ ಇದ್ರೆ ಸಾಕು ಅಂತ ದೇವರಲ್ಲಿ ಬೇಡ್ಕೊಂಡಿದ್ದೆ."

 ಗಡುವಪ್ಪ ಹೇಳಬಾರದು ಅಂದುಕೊಂಡಿದ್ದನ್ನೇ ಹೇಳಿದ. "ನಾಳೆ ಸಂಜೆ ಅದು ಅಳಿಸಿ ಹೋಗುತ್ತೆ ಪುಟ್ಟಿ. ನಾವು ಏನೂ ಮಾಡೋದು ಬೇಡ. ಸುಮ್ನಿದ್ರೆ ಸಾಕು. ನಿನ್ ಕೆಲಸ ಉಳಿಯುತ್ತೆ, ಮಗಳ ಓದು..."

"ಒಂದು ಕೇಳ್ಲಾ?" ಅವಳು ತಡೆದಳು. "ಈಗ ಆ ಫೋನು ನಿನ್ ಮೇಜಿಗೆ ಬರ್ತಿದೆಯಾ?"

ಅವನು ಹೌದೆಂದು ತಲೆಯಾಡಿಸಿದ.

"ಹನ್ನೊಂದು ಇಪ್ಪತ್ತಕ್ಕೆ," ಅಂದಳು. "ನೀನು ಟೀ ಹಿಡ್ಕೊಂಡು ನಿಂತಾಗ ದಿನಾ ಬರ್ತಿತ್ತಲ್ಲ, ತಟ್ಟಮ್ಮ ಅಂತ ನಗ್ತಿದ್ರಲ್ಲ ಎಲ್ರೂ, ಅದು ಅವರದ್ದೇ. ನಾನು ದಿನಾ ಕ್ಷಮಿಸಿ ಅಂತ ಕೇಳ್ತಿದ್ದೆ. ಎರಡು ಸಲ ತಟ್ಟೋರು. ಕೋಪ ಅಂದ್ಕೊಂಡಿದ್ದೆ. ನೀನು ಬರೋದು ಬಿಟ್ಟ ದಿನದಿಂದ ನಂಗೆ ಬರೋದು ನಿಂತೋಯ್ತು." ಅವಳು ಅಣ್ಣನ ಕೈ ಹಿಡಿದಳು.  "ಅವರು ಯಾವತ್ತೂ ನಂಗೆ ಫೋನ್ ಮಾಡ್ತಿರ್ಲಿಲ್ಲ ಅಣ್ಣ. ನೀನು ಎಲ್ಲಿರ್ತೀಯೋ ಅಲ್ಲಿಗೆ ಮಾಡ್ತಿದ್ರು. ಕೊಟ್ಬಿಡು. ಕೆಲಸ ಹೋದ್ರೆ ಹೋಗ್ಲಿ, ನಂಗೆ ನಿದ್ದೆ ಬೇಕು."

ಇಪ್ಪತ್ತೆಂಟನೆಯ ದಿನ ಬೆಳಿಗ್ಗೆ ಅವನೇ ಹೋಗಿ ಆ ಹೆಂಗಸನ್ನು ಕರೆತಂದ. ವಾಚಿನ ಡಬ್ಬಿಯನ್ನು ಅವಳು ಬೀಗ ರಿಪೇರಿಯವನ ಕೈಗೆ ಕೊಟ್ಟು ಬಂದಳು. ಇವನನ್ನು ಗುರುತು ಹಿಡಿದು, "ಅವತ್ತು ಬಂದೋರು ನೀವೇ ಅಲ್ವಾ?" ಎಂದು ಕೇಳಿದಳೇ ಹೊರತು ಹೆಚ್ಚು ಮಾತಾಡಲಿಲ್ಲ. ಟೇಪಣ್ಣ ಕುರ್ಚಿ ಒರೆಸಿ ಕೊಟ್ಟ. ಬಾಗಿಲ ಬಳಿ ತಂಗಿ ನಿಂತಿದ್ದಳು. ಹನ್ನೊಂದು ಗಂಟೆ ದಾಟಿತ್ತು.

ಆ ಹೆಂಗಸು ಹೆಡ್‌ಫೋನ್ ಹಾಕಿಕೊಂಡು ಕೇಳಿದಳು. ಮೊದಲ ತಟ್ಟಿಗೇ ಅವಳ ಮುಖ ಅರಳಿತು, ದೂರದ ಊರಿಂದ ಬಂದವರನ್ನು ಬಾಗಿಲಲ್ಲಿ ಕಂಡ ಹಾಗೆ. "ತಟ್ಟಿದಾರೆ," ಅಂದಳು. "ಹೇಳಿಕೊಟ್ಟ ಹಾಗೇ ತಟ್ಟಿದಾರೆ ನೋಡಿ." ಆಮೇಲೆ ಮುಖ ಮೆಲ್ಲಗೆ ಕಲ್ಲಾಯಿತು. ಅವಳು ಪೂರ್ತಿ ಒಂದು ನಿಮಿಷ ಕಣ್ಣು ಮುಚ್ಚಿ ಕೂತಳು. ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು. ಅದರೊಳಗಿಂದ ಸದ್ದು ಸಣ್ಣಗೆ ಬರುತ್ತಲೇ ಇತ್ತು.

"ಇದರಲ್ಲಿ ಹಲೋ ಅಂದ ಹೆಂಗಸು ಯಾರು?"

"ನಾನು," ಅಂದಳು ತಂಗಿ ಬಾಗಿಲಿಂದಲೇ.  "ನಾನೇ ಇಟ್ಟಿದ್ದು ಅಮ್ಮ. ತಪ್ಪಾಯ್ತು."

ಆ ಹೆಂಗಸು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನಮ್ಮನೆಯವರಿಗೆ ಕೋಪ ಬರ್ತಿರ್ಲಿಲ್ಲ. ನಂಗೆ ಬರುತ್ತೆ," ಅಂದಳು. "ಆದ್ರೂ ನೀನು ಕೇಳ್ಲಾ ಅಂದೆಯಲ್ಲ. ಬೇಡ ಅಂದೋನು ಯಾರು? ಬಾಯಿ ಬಿದ್ದೋಗಿದ್ಯಾ ಅಂದೋನು?"

 ಟೇಪಣ್ಣ ನೆಲ ನೋಡಿದ. ತಂಗಿ ಅಣ್ಣನ ಕಡೆ ನೋಡದಿರಲು ಹೆಣಗಿದಳು. ಆ ಹೆಂಗಸಿನ ಕಣ್ಣು ಒಬ್ಬೊಬ್ಬರ ಮೇಲೆ ಹಾದು ಗಡುವಪ್ಪನ ಮೇಲೆ ನಿಂತಿತು.

"ನೀವಾ?"

ಹನ್ನೊಂದು ವರ್ಷ ಸುಳ್ಳಲ್ಲದ, ನಿಜವೂ ಅಲ್ಲದ ವಾಕ್ಯಗಳನ್ನು ಹೊಸೆದವನು ಬಾಯಿ ತೆರೆದ. ದನಿ ಬರಲಿಲ್ಲ. ಮತ್ತೆ ತೆರೆದ. ಗಂಟಲೊಳಗೆ ಗಾಳಿ ಮಾತ್ರ ಓಡಾಡಿತು. ನಾಲಿಗೆ ಅಂಗುಳಕ್ಕೆ ಅಂಟಿಕೊಂಡು ಕೂತಿತ್ತು, ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒಂದು ಹೂಂ ಅನ್ನಲೂ ಅವನಿಂದ ಆಗಲಿಲ್ಲ. ಬಾಯಿ ಬಿದ್ದುಹೋಗುವುದೆಂದರೆ ಏನೆಂದು ಅವನಿಗೆ ಆಗ ಗೊತ್ತಾಯಿತು. ಅವನು ಜೇಬಿನಿಂದ ಪೆನ್ನು ತೆಗೆದು ಅದರ ತುದಿಯಿಂದ ಮೇಜಿನ ಮೇಲೆ ಒಂದು ಸಲ ತಟ್ಟಿದ.

ಹೆಡ್‌ಫೋನಿನೊಳಗಿನ ಸದ್ದು ನಿಂತಿತು.

ನಾಲ್ವರೂ ಆ ಕಡೆ ನೋಡಿದರು. ಬಹಳ ಹೊತ್ತಾದ ಮೇಲೆ ಅದರೊಳಗಿಂದ ಇನ್ನೊಂದು ಸದ್ದು ಬಂತು, ತಟ್ಟುವುದಲ್ಲ, ಯಾರೋ ಫೋನನ್ನು ಜೋಪಾನವಾಗಿ ಅದರ ಜಾಗದಲ್ಲಿ ಇಡುವ ಸದ್ದು. ಪರದೆಯ ಮೇಲೆ ಓಡುತ್ತಿದ್ದ ಸೆಕೆಂಡು ನಿಂತುಹೋಯಿತು. 'ಮುಗಿದದ್ದು' ಎಂಬ ಖಾಲಿ ಜಾಗದಲ್ಲಿ ಅಂದಿನ ತಾರೀಖು ಮೂಡಿತು, ಪಕ್ಕದಲ್ಲಿ ಹನ್ನೊಂದು ಇಪ್ಪತ್ತು.

"ಇಟ್ರು," ಅಂದಳು ಆ ಹೆಂಗಸು. ಸೆರಗಿನಿಂದ ಮುಖ ಒರೆಸಿಕೊಂಡು ಟೇಪಣ್ಣನಿಂದ ಪ್ರತಿ ತೆಗೆದುಕೊಂಡಳು. ಪುಸ್ತಕದಲ್ಲಿ ಎಲ್ಲಿ ಸಹಿ ಹಾಕಬೇಕು ಎಂದು ಕೇಳಿದಳು. ಗಡುವಪ್ಪ ಬೆರಳಿಟ್ಟು ತೋರಿಸಿದ. ಸಹಿ ಹಾಕಿ, ಪೆನ್ನು ಅವನ ಕೈಗೇ ವಾಪಸ್ ಕೊಟ್ಟು, ಅವನ ಮುಖ ನೋಡದೆ ಅವಳು ಹೊರಟುಹೋದಳು.

ಮಧ್ಯಾಹ್ನ ಅವನು ಒಂದು ಹಾಳೆ ತೆಗೆದುಕೊಂಡು, ಆ ದಿನ ಏಳನೇ ಮೇಜಿನ ಬಳಿ ನಿಂತು ಫೋನ್ ಇಡು ಅಂದವನು ತಾನೇ ಎಂದು ಮೇಲಿನವರಿಗೆ ಬರೆದ. ಒಂದೇ ಸಾಲು. ಬರೆದು ಕೂಡಲೇ ಕಳಿಸಿದ. ದನಿ ಸಂಜೆಯಾದರೂ ಬಂದಿರಲಿಲ್ಲ. ತಂಗಿ ಎರಡು ಲೋಟ ಟೀ ಹಿಡಿದು ಮೇಲೆ ಬಂದು, "ಇನ್ನೂ ಆಗ್ತಿಲ್ವಾ ಮಾತು?" ಎಂದು ಕೇಳಿದಾಗ ಅವನು ಮೇಜಿನ ಮೇಲೆ ಎರಡು ಸಲ ತಟ್ಟಿದ.